ಅಪ್‌ರೈಟ್ ಪಿಯಾನೊ ಕೊಳ್ಳಬೇಕೋ, ಡಿಜಿಟಲ್ ಸಾಕೋ?

ದಾವಣಗೆರೆಯಲ್ಲಿದ್ದುಕೊಂಡೇ ಕಲಿತು, ಮುಂದೆ ವೇದಿಕೆ ಏರಬೇಕು, ರೆಕಾರ್ಡಿಂಗೂ ಮಾಡಬೇಕು ಎನ್ನುವವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಎರಡರಲ್ಲೂ ಸಾಮಾನ್ಯವಾಗಿ 88 ಕೀಗಳಿರುತ್ತವೆ.

ಅಪ್‌ರೈಟ್‌ನಲ್ಲಿ, ಅಂದರೆ ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊದಲ್ಲಿ, ಕೀ ಒತ್ತಿದಾಗ ಸುತ್ತಿಗೆ ನಿಜವಾಗಿಯೇ ತಂತಿಗೆ ಬಡಿಯುತ್ತದೆ. ಬೆರಳಿನ ಸೂಕ್ಷ್ಮ ಪಳಗುವುದು ಇಲ್ಲೇ. ಆದರೆ ಸುಮಾರು 230 ತಂತಿಗಳ ನಾದ ಹೊಮ್ಮಿಸುವ ಹಲಗೆ ಮರದ್ದು. ಏಪ್ರಿಲ್‌ನ ಒಣಹವೆಗೆ ಅದು ಕುಗ್ಗಿ ಶ್ರುತಿ ಇಳಿಯುತ್ತದೆ; ಮಳೆಗಾಲದ ತೇವಕ್ಕೆ ಉಬ್ಬಿ ಏರುತ್ತದೆ, ಕೀಗಳೂ ಹಿಡಿದುಕೊಳ್ಳುತ್ತವೆ. ವರ್ಷಕ್ಕೆ 2 ಸಲ ಶ್ರುತಿ ಮಾಡಿಸಲೇಬೇಕು. ಟ್ಯೂನರ್ ಬೆಂಗಳೂರಿನಿಂದ ಬರಬೇಕಾದರೆ ಪ್ರಯಾಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿಲು ಬೀಳುವ ಕಿಟಕಿ, ಏಸಿ ಗಾಳಿ ಎರಡರಿಂದಲೂ ದೂರವಿಡಿ. ತೂಕ 200 ಕೆ.ಜಿ. ದಾಟುವುದು ಸಾಮಾನ್ಯ, ಮೆಟ್ಟಿಲಿನ ತಿರುವನ್ನು ಮೊದಲೇ ಅಳೆಯಿರಿ.

ಡಿಜಿಟಲ್‌ನಲ್ಲಿ ತಂತಿಗಳಿಲ್ಲ, ನಾದ ಎಲೆಕ್ಟ್ರಾನಿಕ್; ಹಾಗಾಗಿ ಶ್ರುತಿಯ ಚಿಂತೆಯಿಲ್ಲ. ಕೇಬಲ್ ಹಾಕಿ ನೇರವಾಗಿ ರೆಕಾರ್ಡ್ ಮಾಡಿದರೆ ಬೀದಿಯ ಹಾರ್ನ್ ಸದ್ದು ಸೇರದು. ಹ್ಯಾಮರ್ ಆಕ್ಷನ್ (ಸುತ್ತಿಗೆಯಿರುವ ಪಿಯಾನೊದ ಕೀಗಳಂತೆ ಭಾರವೆನಿಸುವ ವ್ಯವಸ್ಥೆ) ಇಲ್ಲದ ಹಗುರ ಕೀಬೋರ್ಡ್ ಮಾತ್ರ ಬೇಡವೇ ಬೇಡ.

ಹೆಸರಾಂತ ಪಿಯಾನೊ ವಾದಕ ಹೊರೊವಿಟ್ಸ್ 1986ರಲ್ಲಿ ಮಾಸ್ಕೋದ ಕಛೇರಿಗೆ ತಮ್ಮದೇ ಸ್ಟೈನ್‌ವೇ ಪಿಯಾನೊ ಕೊಂಡೊಯ್ದಿದ್ದರು. ಬಹುಪಾಲು ಪಿಯಾನೊ ವಾದಕರಿಗೆ ಆ ಅನುಕೂಲವಿಲ್ಲ. ಸಭಾಂಗಣದಲ್ಲಿ ಇರುವುದನ್ನೇ ನುಡಿಸಬೇಕು. ಹಾಗಾಗಿ ಮೊದಲ 2–3 ವರ್ಷ ಡಿಜಿಟಲ್ ಸಾಕಾದರೂ ಪರೀಕ್ಷೆಗೋ ಕಛೇರಿಗೋ ಮುನ್ನ ಕೆಲವು ವಾರ ತಂತಿಯ ಪಿಯಾನೊದಲ್ಲಿ ಅಭ್ಯಾಸ ಮಾಡಲೇಬೇಕು.