ಕ್ಯೂ ಮಾಡಲು ಮೆಟಲ್ ಲೇಥ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಕ್ಯೂ ಅಂದರೆ ಪೂಲ್, ಸ್ನೂಕರ್ ಆಡುವ ಕೋಲು; ಲೇಥ್ ಅಂದರೆ ಕೆಲಸದ ತುಂಡನ್ನು (ಜಾಬ್) ತಿರುಗಿಸುತ್ತಾ ಕೊರೆಯುವ ಮೆಷಿನ್. ನನ್ನದು 12 ಇಂಚು ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ), ಎರಡು ಸೆಂಟರ್ (ಜಾಬ್‌ನ ಎರಡು ತುದಿ ಹಿಡಿಯುವ ಮೊನೆಗಳು) ನಡುವೆ 36 ಇಂಚು ಸಿಗುವ ಬೆಲ್ಟ್ ಡ್ರೈವ್ ಲೇಥ್. ಸ್ಪಿಂಡಲ್ (ಜಾಬ್ ತಿರುಗಿಸುವ ಟೊಳ್ಳು ಅಕ್ಷ) ತೂತು 38 ಮಿ.ಮೀ. ಮೋಟಾರ್ ಥ್ರೀ ಫೇಸ್, ವೇಗ ಬದಲಿಸಲು ವಿಎಫ್‌ಡಿ (ಕರೆಂಟ್‌ನ ಫ್ರೀಕ್ವೆನ್ಸಿ ಬದಲಿಸುವ ಪೆಟ್ಟಿಗೆ) ಇದೆ. ಪೂಲ್ ಕ್ಯೂ, ಸ್ನೂಕರ್ ಕ್ಯೂ ಎರಡೂ ಇದರಲ್ಲೇ ಆಗುತ್ತವೆ, ರಿಪೇರಿಗೆ ಬಂದದ್ದೂ ಇದಕ್ಕೇ ಏರುತ್ತದೆ. ಯಾವ ಲೇಥ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಮೊದಲು ತೂತಿನ ಅಳತೆ ನೋಡಿ ಅನ್ನುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ.

ಕಾರಣ ಇಷ್ಟೇ. ಪೂಲ್ ಕ್ಯೂ ಸುಮಾರು 58 ಇಂಚು ಉದ್ದ. ಎರಡು ಭಾಗ, ಮುಂದಿನ ತೆಳ್ಳನೆಯದು ಶಾಫ್ಟ್, ಹಿಂದಿನ ದಪ್ಪದ್ದು ಬಟ್, ಒಂದೊಂದೂ 29 ಇಂಚು. ಕೆಲಸದಲ್ಲಿ ಅರ್ಧಕ್ಕರ್ಧ ತುದಿಗಳಲ್ಲೇ ಇರುತ್ತದೆ: ಟಿಪ್ (ಚೆಂಡಿಗೆ ತಾಗುವ ತುದಿ), ಫೆರೂಲ್ (ಟಿಪ್ ಕೆಳಗಿನ ಬಳೆ), ಜಾಯಿಂಟ್ (ಎರಡು ಭಾಗ ಸೇರುವ ಕಡೆ), ಬಂಪರ್ (ಬಟ್ ತುದಿಯ ರಬ್ಬರ್). ಒಂದು ತುದಿ ಚಕ್ (ಸ್ಪಿಂಡಲ್ ಮುಂದೆ ಜಾಬ್ ಕಚ್ಚಿ ಹಿಡಿಯುವ ಭಾಗ) ಹತ್ತಿರ ಗಟ್ಟಿಯಾಗಿ ನಿಲ್ಲಬೇಕು ಅಂದರೆ ಮಿಕ್ಕ ಉದ್ದ ಸ್ಪಿಂಡಲ್ ಒಳಗೆ ಹೋಗಲೇಬೇಕು. ಮಿನಿ ಲೇಥ್‌ಗಳ ತೂತು ಸಾಮಾನ್ಯವಾಗಿ 20 ಮಿ.ಮೀ. ಪೂಲ್ ಶಾಫ್ಟ್‌ನ ಟಿಪ್ ಕಡೆ 13 ಮಿ.ಮೀ. ಇದ್ದರೂ ಜಾಯಿಂಟ್ ಕಡೆ 21 ಮಿ.ಮೀ. ದಾಟುತ್ತದೆ. ಅಂದರೆ ಒಂದೂವರೆ ಮಿಲಿಮೀಟರ್ ಕಡಿಮೆ ಬಿದ್ದು ಶಾಫ್ಟ್ ಆ ತೂತಿನಲ್ಲಿ ಪೂರ್ತಿ ದಾಟುವುದೇ ಇಲ್ಲ. ಬಟ್‌ನ ದಪ್ಪ ತುದಿ 32, 33 ಮಿ.ಮೀ. ಇರುತ್ತದೆ. ಹಾಗಾಗಿ 35 ಮಿ.ಮೀ.ಗಿಂತ ಕಡಿಮೆ ತೂತಿನ ಲೇಥ್ ಎಷ್ಟೇ ಚೆನ್ನಾಗಿದ್ದರೂ ಕ್ಯೂ ಕೆಲಸಕ್ಕೆ ಬೇಡ. 38 ಇದ್ದರೆ ಮರಕ್ಕೂ ಲೋಹಕ್ಕೂ ನಡುವೆ ಕಾಲರ್ (ಬಳೆಯಂಥ ತುಂಡು) ಕೂರಿಸಲು ಜಾಗ ಉಳಿಯುತ್ತದೆ.

ಬೆಡ್ (ಲೇಥ್‌ನ ಉದ್ದನೆ ತಳ) ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 29 ಇಂಚಿನ ತುಂಡು, ಎರಡೂ ಕಡೆ ಸೆಂಟರ್, ಸ್ವಲ್ಪ ಓಡಾಟ ಅಂದರೆ 36 ಇಂಚು ಸಾಕು. ಸ್ನೂಕರ್ ಕ್ಯೂ ಬೇರೆ ಲೆಕ್ಕ. ಮುಕ್ಕಾಲು ಭಾಗದಲ್ಲಿ ಜಾಯಿಂಟ್ ಇರುವ ಕ್ಯೂನ ಶಾಫ್ಟ್ ಸುಮಾರು 42 ಇಂಚು ಬರುತ್ತದೆ. ಅದು 40 ಇಂಚಿನ ಬೆಡ್‌ಗೂ ಸೆಂಟರ್ ನಡುವೆ ಸಿಗುವುದಿಲ್ಲ. ಆದರೆ ಆ ಶಾಫ್ಟ್‌ನ ಟೇಪರ್ (ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಇಳಿಜಾರು) ಅನ್ನು ನಾನು ಹೇಗಿದ್ದರೂ ಕೈಯಲ್ಲಿ ಪ್ಲೇನ್ (ಕೀಸುಳಿ) ಹಿಡಿದೇ ಇಳಿಸುತ್ತೇನೆ. ಲೇಥ್ ಬೇಕಾಗುವುದು ಜಾಯಿಂಟ್ ಕೂರಿಸಲು, ಹಿತ್ತಾಳೆ ಫೆರೂಲ್ ಹಾಕಲು. ಅದಕ್ಕೆ ಮತ್ತೆ ತೂತೇ ಬೇಕು.

ಈಗ ಚಕ್ ವಿಷಯ. ಲೇಥ್ ಜೊತೆ ಬರುವ ಮೂರು ಜಾ (ಹಿಡಿಯುವ ಹಲ್ಲು) ಚಕ್ ನಿಖರವಾಗಿ ಸೆಂಟರ್ ಹಿಡಿಯುವುದಿಲ್ಲ. ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಸಾಧನ) ಇಟ್ಟು ತಿರುಗಿಸಿದರೆ 0.05ರಿಂದ 0.1 ಮಿ.ಮೀ. ಔಟ್ ತೋರಿಸುವುದು ಮಾಮೂಲು. ಕಬ್ಬಿಣದ ಜಾಬ್ ಆದರೆ ಒಂದೇ ಹಿಡಿತದಲ್ಲಿ ಮುಗಿಸಿ ಇಳಿಸಬಹುದು. ಕ್ಯೂ ಹಾಗಲ್ಲ, ಇಳಿಸಿ ಏರಿಸಿ ಮಾಡುತ್ತಲೇ ಇರಬೇಕು. 5ಸಿ ಕಾಲೆಟ್ (ಜಾಬ್ ಸುತ್ತ ಸಮನಾಗಿ ಬಿಗಿಯುವ ಸೀಳು ಕೊಳವೆ) ಹಾಕಿದರೆ ಆಗಲ್ವಾ ಅಂದರೆ, ಅದಕ್ಕೆ ಸುಮಾರು 28 ಮಿ.ಮೀ.ಗಿಂತ ದಪ್ಪದ್ದು ಹೋಗುವುದಿಲ್ಲ, ಬಟ್ ಹೊರಗೇ ಉಳಿಯುತ್ತದೆ.

ನಾನು ನೆಚ್ಚಿಕೊಂಡಿರುವುದು ಡೆಲ್ರಿನ್ (ಒಂದು ಗಟ್ಟಿ ಪ್ಲಾಸ್ಟಿಕ್) ಕಾಲರ್. ದಪ್ಪ ಡೆಲ್ರಿನ್ ರಾಡ್‌ನಿಂದ ಒಂದು ಬಿಲ್ಲೆ ಕತ್ತರಿಸಿ ಅದೇ ಚಕ್‌ನಲ್ಲಿ ಹಿಡಿಯುತ್ತೇನೆ. ಒಂದನೇ ನಂಬರ್ ಜಾ ಎದುರಿಗೆ ಕಾಲರ್ ಮೇಲೆ ಗುರುತು ಹಾಕುತ್ತೇನೆ. ಆಮೇಲೆ ಚಕ್‌ನಲ್ಲಿ ಇದ್ದ ಹಾಗೆಯೇ ಬೋರಿಂಗ್ ಬಾರ್‌ನಿಂದ (ತೂತಿನ ಒಳಗೆ ಕೊರೆಯುವ ಟೂಲ್) ಬೇಕಾದ ಅಳತೆಗೆ ತೂತು ತೆಗೆದು, ಹೊರಗೆ ತೆಗೆದ ಮೇಲೆ ಒಂದು ಕಡೆ ಗರಗಸದಿಂದ ಸೀಳು ಬಿಡುತ್ತೇನೆ. ಚಕ್ ಎಷ್ಟೇ ಔಟ್ ಇರಲಿ, ಆ ತೂತು ಸ್ಪಿಂಡಲ್ ಜೊತೆ ನೇರವಾಗಿ ಬಂದಿರುತ್ತದೆ. ಪ್ರತಿ ಸಲ ಗುರುತು ನೋಡಿ ಅದೇ ಜಾಗಕ್ಕೆ ಕೂರಿಸಿದರೆ ಮುಗಿಯಿತು. ಮರಕ್ಕೆ ಜಾ ಕಚ್ಚಿದ ಕಲೆಯೂ ಬೀಳುವುದಿಲ್ಲ. ಶಾಫ್ಟ್‌ಗೆ, ಜಾಯಿಂಟ್‌ಗೆ, ಬಟ್‌ಗೆ ಅಂತ ಬೇರೆ ಬೇರೆ ಅಳತೆಯವು ನನ್ನ ಡ್ರಾಯರ್ ತುಂಬ ಇವೆ. ಇಷ್ಟು ಅಗ್ಗದ ಒಂದು ವಸ್ತು ಇಷ್ಟು ಉಪಕಾರ ಮಾಡುವುದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ತಲೆ ಭಾಗ) ಹಿಂಭಾಗಕ್ಕೂ ಒಂದು ಸಣ್ಣ ಚಕ್ ಬೇಕು. ಕಂಪನಿಯವರು ಕೊಡುವುದಿಲ್ಲ, ಅಡಾಪ್ಟರ್ ಮಾಡಿಸಿ ಸ್ಪಿಂಡಲ್ ಹಿಂತುದಿಗೆ ಕೂರಿಸಬೇಕು. ಹಿಂದೆ ಆಸರೆ ಇಲ್ಲದೆ ಉದ್ದದ ಶಾಫ್ಟ್ ಹೊರಗೆ ಚಾಚಿಕೊಂಡು ವೇಗವಾಗಿ ತಿರುಗಿದರೆ ಅದು ಬಾಗಿ ಚಾಟಿ ಬೀಸಿದಂತೆ ಬಡಿಯುತ್ತದೆ. ಮರ ಹಾಳಾಗುವುದಿರಲಿ, ಹತ್ತಿರ ನಿಂತವರಿಗೆ ಅಪಾಯ. ಇದರಲ್ಲಿ ಯಾರೂ ಉದಾಸೀನ ಮಾಡಬೇಡಿ.

ಟೇಪರ್ ಇಳಿಸುವುದು ದೊಡ್ಡ ಕಥೆ. ಟೇಲ್‌ಸ್ಟಾಕ್ (ಎದುರು ತುದಿಯ ಸೆಂಟರ್ ಇರುವ ಭಾಗ) ಸರಿಸಿ ಟೇಪರ್ ತೆಗೆಯಬಹುದು ಅಂತ ಎಲ್ಲ ಟರ್ನರ್‌ಗಳಿಗೂ ಗೊತ್ತು. ಒಂದು ತುದಿ 21.5, ಇನ್ನೊಂದು 13 ಅಂದರೆ ವ್ಯತ್ಯಾಸದ ಅರ್ಧ, 4.25 ಮಿ.ಮೀ. ಸರಿಸಬೇಕು. ಆದರೆ ಹಾಗೆ ಬರುವುದು ಸೀದಾ ಕೋನ್. ತುಂಬಾ ಆಟಗಾರರು ಕೇಳುವ ಪ್ರೋ ಟೇಪರ್‌ನಲ್ಲಿ ಟಿಪ್‌ನಿಂದ ಸುಮಾರು 10, 12 ಇಂಚಿನವರೆಗೆ ದಪ್ಪ ಹೆಚ್ಚುಕಡಿಮೆ ಒಂದೇ ಇರುತ್ತದೆ, ಆಮೇಲೆ ಏರುತ್ತದೆ. ಅದಕ್ಕೆ ಬೆಡ್ ಹಿಂದೆ ಟೇಪರ್ ಬಾರ್ (ಟೂಲ್‌ಗೆ ದಾರಿ ತೋರಿಸುವ ಪಟ್ಟಿ) ಬೇಕು. ಇನ್ನೊಂದು ತಲೆನೋವು, ಸರಿಸಿದ ಟೇಲ್‌ಸ್ಟಾಕನ್ನು ಮತ್ತೆ ನೇರಕ್ಕೆ ತರಬೇಕು. ಟೆಸ್ಟ್ ಬಾರ್, ಡಯಲ್ ಗೇಜ್ ಇಟ್ಟುಕೊಂಡು ಕೂರುವುದರಲ್ಲಿ ಅರ್ಧ ದಿನ ಸುಮ್ನೆ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಟೇಲ್‌ಸ್ಟಾಕ್ ಮುಟ್ಟಲೇಬೇಡಿ. ಟೇಪರ್‌ಗೆ ಬೇರೆ ಹಗುರವಾದ ಸೆಟಪ್ ಮಾಡಿಕೊಳ್ಳಿ, ಲೇಥ್ ಜಾಯಿಂಟ್ ಕೆಲಸಕ್ಕೇ ಇರಲಿ.

ಯಾವುದರಲ್ಲಿ ಇಳಿಸಿದರೂ ಲೇಥ್ ಟೂಲ್ ಹಾಕಿ ತೆಳ್ಳನೆ ಶಾಫ್ಟ್ ತಿರುಗಿಸಬೇಡಿ. ಟೂಲ್ ಒತ್ತಿದ ಕಡೆ ಮರ ಬಾಗಿ ಹಿಂದೆ ಸರಿಯುತ್ತದೆ, ಮೈಮೇಲೆ ಅಲೆ ಮೂಡುತ್ತದೆ. ಕ್ರಾಸ್ ಸ್ಲೈಡ್ (ಟೂಲ್ ಅನ್ನು ಅಡ್ಡಕ್ಕೆ ಸರಿಸುವ ಭಾಗ) ಮೇಲೆ ರೌಟರ್ (ತಿರುಗುವ ಕಟರ್ ಇರುವ ಮರಗೆಲಸದ ಯಂತ್ರ) ಕೂರಿಸಿ, ಕಟರ್ ವೇಗವಾಗಿ, ಮರ ನಿಧಾನವಾಗಿ ತಿರುಗುವಂತೆ ಮಾಡಬೇಕು. ಒಮ್ಮೆಗೇ ಅಳತೆಗೆ ತರುವುದೂ ಬೇಡ. ಸ್ವಲ್ಪ ಇಳಿಸಿ, ವಾರಗಟ್ಟಲೆ ನೇತುಹಾಕಿ, ಮತ್ತೆ ಸ್ವಲ್ಪ. ಒಳಗಿನ ಬಿಗಿ ಬಿಟ್ಟುಕೊಂಡಾಗ ಮೇಪಲ್ ಬಾಗುತ್ತದೆ. ಬಾಗಿದ್ದನ್ನು ಮುಂದಿನ ಕಟ್ ಸರಿಮಾಡುತ್ತದೆ.

ವಿಎಫ್‌ಡಿ ಬಗ್ಗೆ ನನಗೆ ತುಂಬಾ ಸಮಾಧಾನ ಇದೆ. ಸಿಂಗಲ್ ಫೇಸ್ ಕರೆಂಟ್‌ನಲ್ಲೇ ಥ್ರೀ ಫೇಸ್ ಮೋಟಾರ್ ಓಡುತ್ತದೆ, ಬೆಲ್ಟ್ ಮುಟ್ಟದೆ ವೇಗ ಬದಲಿಸಬಹುದು. ಒಂದೇ ಎಚ್ಚರಿಕೆ: ತೀರಾ ಕಡಿಮೆ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಮೋಟಾರ್ ಫ್ಯಾನ್ ಕೂಡ ನಿಧಾನವಾಗಿ ಮೋಟಾರ್ ಬಿಸಿಯಾಗುತ್ತದೆ. ಹಾಗಾಗಿ ಫಿನಿಶ್ ಸೋರದ ಹಾಗೆ ಕ್ಯೂ ನಿಧಾನವಾಗಿ ತಿರುಗಿಸುತ್ತಾ ಒಣಗಿಸಲು ನಾನು ಬೇರೆ ಸಣ್ಣ ಗೇರ್ ಮೋಟಾರ್ ಇಟ್ಟಿದ್ದೇನೆ.

ನನ್ನ ಮುಖ್ಯ ದೂರು ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಟೂಲ್ ಸಾಗಿಸುವ ಉದ್ದನೆ ಸ್ಕ್ರೂ) ಬಗ್ಗೆ. ಇದು ಮೆಟ್ರಿಕ್. ಪೂಲ್ ಕ್ಯೂ ಪಿನ್‌ಗಳು (ಜಾಯಿಂಟ್ ಸ್ಕ್ರೂಗಳು; ಮೊದಲಿನದು ವ್ಯಾಸ, ಆಮೇಲಿನದು ಇಂಚಿಗೆ ಎಷ್ಟು ಥ್ರೆಡ್) 3/8-10, 5/16-18, 5/16-14, ಎಲ್ಲ ಇಂಚು ಲೆಕ್ಕ. ಚೇಂಜ್ ಗೇರ್ ಹಾಕಿ ಆ ಥ್ರೆಡ್ ತೆಗೆಯಬಹುದು, ಆದರೆ ಹಾಫ್ ನಟ್ (ಲೀಡ್ ಸ್ಕ್ರೂ ಹಿಡಿದು ಬಿಡುವ ನಟ್) ಬಿಡುವ ಹಾಗಿಲ್ಲ. ಪ್ರತಿ ಕಟ್‌ಗೂ ಮೋಟಾರ್ ರಿವರ್ಸ್ ಮಾಡಿ ಹಿಂದಕ್ಕೆ ತರಬೇಕು. ಚಕ್ ಥ್ರೆಡ್‌ನಲ್ಲಿ ಕೂರುವ ಲೇಥ್‌ನಲ್ಲಿ ರಿವರ್ಸ್ ಹೊಡೆದರೆ ಚಕ್ ಬಿಚ್ಚಿಕೊಂಡು ಬರಬಹುದು. ನನ್ನದು ಡಿ1-4 ಕ್ಯಾಮ್‌ಲಾಕ್ (ಥ್ರೆಡ್ ಬದಲು ಲಾಕ್ ಆಗುವ ಚಕ್ ಜೋಡಣೆ), ಆ ಭಯವಿಲ್ಲ. ಕೊಳ್ಳುವಾಗ ಇಂಚು ಲೀಡ್ ಸ್ಕ್ರೂ ಸಿಕ್ಕರೆ ಅದನ್ನೇ ಕೇಳಿ. ಇನ್ನು ಪಿನ್‌ನ ತೂತು: ಡ್ರಿಲ್ ಮರದ ನಾರು ಹಿಡಿದು ಓರೆ ಹೋಗುತ್ತದೆ. ಚಿಕ್ಕ ಡ್ರಿಲ್ ಹಾಕಿ, ಬೋರಿಂಗ್ ಬಾರ್‌ನಿಂದ ನೇರ ಮಾಡಿ, ಆಮೇಲೆ ಟ್ಯಾಪ್ ಹಾಕಿದರೆ ಜಾಯಿಂಟ್ ಸಂದಿಲ್ಲದೆ ಕೂರುತ್ತದೆ.

ವರ್ಷಗಳು ಕಳೆದಂತೆ ಮೆಷಿನ್‌ಗೆ ನಿಜವಾದ ಶತ್ರು ಮರದ ಧೂಳು. ಸ್ಯಾಂಡ್ ಪೇಪರ್ ಉಜ್ಜಿದ ನುಣ್ಣನೆ ಪುಡಿ ಎಣ್ಣೆ ಜೊತೆ ಸೇರಿ ಬೆಡ್ ಮೇಲೆ ಗಟ್ಟಿ ಲೇಪ ಆಗುತ್ತದೆ. ರ‍್ಯಾಕ್, ಹಾಫ್ ನಟ್, ಕ್ರಾಸ್ ಸ್ಲೈಡ್ ಸಂದು ಎಲ್ಲ ಕಡೆ ತುಂಬುತ್ತದೆ. ಬೆಡ್‌ಗೆ ಈಗ ಎಣ್ಣೆ ಬದಲು ಒಣ ಮೇಣ ಹಚ್ಚುತ್ತೇನೆ, ಉಜ್ಜುವಾಗ ರಬ್ಬರ್ ಹಾಳೆ ಹಾಸುತ್ತೇನೆ. ಬಟ್ಟೆ ಹಾಸಬೇಡಿ, ತಿರುಗುವ ಜಾಬ್‌ಗೆ ಸಿಕ್ಕಿಕೊಳ್ಳುತ್ತದೆ. ವ್ಯಾಕ್ಯೂಮ್ ಪೈಪ್ ಕಟರ್ ಪಕ್ಕದಲ್ಲೇ ಇರಲಿ, ಮೂಗಿಗೆ ಮಾಸ್ಕ್ ಇರಲಿ. ರೋಸ್‌ವುಡ್ ಜಾತಿಯ ಮರಗಳ ಧೂಳು ಕೆಲವರಿಗೆ ಚರ್ಮ, ಶ್ವಾಸ ಎರಡಕ್ಕೂ ತೊಂದರೆ ಕೊಡುತ್ತದೆ. ಉಕ್ಕು ತಿರುಗಿಸಿದ ಮೇಲೆ ಒರೆಸದೆ ಬಿಳಿ ಮೇಪಲ್ ಏರಿಸಿದರೆ ಬೂದು ಗೆರೆ ಬೀಳುತ್ತದೆ, ಅದು ನಾರಿನೊಳಗೆ ಇಳಿದುಬಿಡುತ್ತದೆ.

ಬರೀ ಟಿಪ್, ಫೆರೂಲ್ ರಿಪೇರಿ ಮಾತ್ರ ಮಾಡುವವರಿಗೆ ಇಷ್ಟು ದೊಡ್ಡದು ಬೇಕಿಲ್ಲ. ದೊಡ್ಡ ತೂತು, ಗಿಡ್ಡ ಬೆಡ್ ಇರುವ ಕ್ಯೂ ರಿಪೇರಿ ಲೇಥ್‌ಗಳೇ ಬೇರೆ ಸಿಗುತ್ತವೆ, ಮೇಜಿನ ಮೇಲೆ ಕೂರುತ್ತವೆ. ಹೊಸ ಕ್ಯೂ ಮಾಡುವವರು ಹಳೆ ಲೇಥ್ ನೋಡುತ್ತಿದ್ದರೆ ಸ್ಯಾಡಲ್ ಗಿಬ್ (ಸಡಿಲ ತೆಗೆಯಲು ಬಿಗಿಯುವ ಪಟ್ಟಿ) ಅನ್ನು ಚಕ್ ಹತ್ತಿರ ಬಿಗಿ ಮಾಡಿಸಿ, ಕ್ಯಾರೇಜ್ (ಬೆಡ್ ಮೇಲೆ ಓಡುವ, ಟೂಲ್ ಹೊತ್ತ ಭಾಗ) ಅನ್ನು ಟೇಲ್‌ಸ್ಟಾಕ್ ತನಕ ಓಡಿಸಿ ನೋಡಿ. ಆ ಕಡೆ ಹೋಗುತ್ತಾ ಗಡುಸಾದರೆ ಬೆಡ್ ಚಕ್ ಹತ್ತಿರ ಸವೆದಿದೆ ಅಂತ ಅರ್ಥ. ಅಲ್ಪಸ್ವಲ್ಪ ಆದರೆ ಮರಕ್ಕೆ ನಡೆಯುತ್ತದೆ. ಪೂರ್ತಿ ಹಿಡಿದುಕೊಂಡು ನಿಂತರೆ ಬಿಟ್ಟು ಬನ್ನಿ.