ಬೈಲಿ ಕುರ್ಚಿ: ಮಯಸ್ತೇನಿಯಾ ಇರುವ ನಾಯಿಗೆ ಇದು ಬೇಕೇ? ಬೇಕಾದರೆ ಎಂಥದ್ದು?

ನಾಯಿಗೆ ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಇದೆ, ಅನ್ನನಾಳ ಹಿಗ್ಗಿದೆ ಎಂದು ಪಶುವೈದ್ಯರು ಹೇಳಿದ ಮೇಲೆ ಬೇಗ ಕಿವಿಗೆ ಬೀಳುವ ಹೆಸರು ಬೈಲಿ ಕುರ್ಚಿ. ಅದೇ ಹೆಸರಿನ ನಾಯಿಯೊಂದಕ್ಕಾಗಿ ಹುಟ್ಟಿದ ವಿನ್ಯಾಸ ಇದು. ಮೂರು ಕಡೆ ಗೋಡೆ, ಮುಂದೆ ಬಾಗಿಲು, ಎದೆಮಟ್ಟದಲ್ಲಿ ಬೋಗುಣಿ ಇಡಲು ಒಂದು ಹಲಗೆ. ನಾಯಿ ಒಳಗೆ ಕುಂಡೆಯೂರಿ, ಬೆನ್ನು ನೆಟ್ಟಗೆ ಮಾಡಿ, ಮುಂಗಾಲು ಹಲಗೆಯ ಮೇಲಿಟ್ಟು ಉಣ್ಣುತ್ತದೆ. ಉಂಡದ್ದನ್ನು ಕಕ್ಕುವ ನಾಯಿಗೆ ಇದಕ್ಕಿಂತ ಪ್ರಯೋಜನದ ಸಾಮಾನು ಸಿಗುವುದು ಕಷ್ಟ. ಆದರೆ ಅಳತೆ ತಪ್ಪಿದ ಕುರ್ಚಿ ಹೊಸ ತೊಂದರೆ ತರುತ್ತದೆ, ಔಷಧಿಯ ಹೊತ್ತಿಗೆ ಹೊಂದಿಸದೆ ಬಳಸಿದರೆ ಅರ್ಧ ಲಾಭವೂ ದಕ್ಕುವುದಿಲ್ಲ.

ಈ ಕಾಯಿಲೆಯಲ್ಲಿ ನರವೂ ಸ್ನಾಯುವೂ ಸೇರುವ ಜಾಗದ ಅಸಿಟೈಲ್‌ಕೋಲೀನ್ ಗ್ರಾಹಕಗಳ (ನರದ ಸಂಕೇತವನ್ನು ಹಿಡಿದುಕೊಳ್ಳುವ ತಾಣಗಳ) ಮೇಲೆ ದೇಹವೇ ಪ್ರತಿಕಾಯಗಳನ್ನು ಛೂ ಬಿಡುತ್ತದೆ. ನರದ ಸಂಕೇತ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ನಾಯಿ ನಾಲ್ಕು ಹೆಜ್ಜೆ ನಡೆದು ಕುಸಿಯುತ್ತದೆ, ಸ್ವಲ್ಪ ಮಲಗಿದರೆ ಮತ್ತೆ ಏಳುತ್ತದೆ. ನಾಯಿಯ ಅನ್ನನಾಳದ ಸ್ನಾಯು ಗಂಟಲಿನಿಂದ ಹೊಟ್ಟೆಯವರೆಗೂ ಕೈಕಾಲಿನ ಸ್ನಾಯುವಿನ ಜಾತಿಯದೇ, ಹಾಗಾಗಿ ಅದೂ ಸೋತು ಜೋಲುಬೀಳುತ್ತದೆ. ಕೆಲವು ನಾಯಿಗಳು ಓಡಾಡಿಕೊಂಡು ಚೆನ್ನಾಗಿಯೇ ಇರುತ್ತವೆ, ಅನ್ನನಾಳ ಮಾತ್ರ ಕೈಕೊಟ್ಟಿರುತ್ತದೆ. ಆದ್ದರಿಂದ ಕಾರಣ ತಿಳಿಯದೆ ಅನ್ನನಾಳ ಹಿಗ್ಗಿದ್ದರೆ ಕುರ್ಚಿ ತರಿಸುವ ಮೊದಲು ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿ. ಲೀಟರಿಗೆ 0.6 ನ್ಯಾನೊಮೋಲ್‌ಗಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದರ್ಥ. ಸ್ಟೀರಾಯ್ಡ್ ಶುರುವಾಗುವ ಮುಂಚೆಯೇ ರಕ್ತ ಕೊಡಬೇಕು, ಆಮೇಲೆ ಕೊಟ್ಟರೆ ಅಂಕಿ ಕಡಿಮೆ ಬಂದು ದಾರಿ ತಪ್ಪಿಸಬಹುದು. ಎದೆಯ ಎಕ್ಸ್-ರೇಯಲ್ಲಿ ಥೈಮಸ್ ಗ್ರಂಥಿಯ ಗಡ್ಡೆ ಇದೆಯೇ ಎಂದೂ ನೋಡಿಸಬೇಕು.

ಬೋಗುಣಿಯನ್ನು ಸ್ಟೂಲಿನ ಮೇಲಿಟ್ಟರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಆಗ ನಾಯಿಯ ಕುತ್ತಿಗೆಯಷ್ಟೇ ಮೇಲಾಗುತ್ತದೆ, ಎದೆಯೊಳಗಿನ ಅನ್ನನಾಳ ಅಡ್ಡಡ್ಡವಾಗಿಯೇ ಉಳಿಯುತ್ತದೆ. ಅನ್ನ ಹೋಗಿ ನಿಲ್ಲುವುದು ಅಲ್ಲೇ. ಬೆನ್ನುಮೂಳೆ ನೆಲಕ್ಕೆ ಲಂಬವಾದಾಗ ಮಾತ್ರ ಭೂಮಿಯ ಸೆಳೆತ ಸ್ನಾಯುವಿನ ಕೆಲಸವನ್ನು ತಾನು ಮಾಡುತ್ತದೆ.

ಅಳತೆ ತೆಗೆಯುವಾಗ ನಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಟೇಪು ಹಿಡಿಯಬೇಕು. ನೆಲದಿಂದ ಕಂಕುಳವರೆಗಿನ ಎತ್ತರವೇ ಹಲಗೆಯ ಎತ್ತರ. ಬೆನ್ನಿನಿಂದ ಎದೆಯ ಮುಂಭಾಗದವರೆಗೆ ಆಳ, ಪಕ್ಕೆ ಅಥವಾ ಸೊಂಟ ಎಲ್ಲಿ ಹೆಚ್ಚು ಅಗಲವೋ ಅಲ್ಲಿ ಅಗಲ. ಒಳಗೆ ಜಾಗ ಹೆಚ್ಚಾದರೆ ನಾಯಿ ಕೆಳಗೆ ಜಾರಿ ಬೆನ್ನು ಬಿಲ್ಲಾಗುತ್ತದೆ, ಅನ್ನ ಮತ್ತೆ ಎದೆಯಲ್ಲೇ ನಿಲ್ಲುತ್ತದೆ. ಬಿಗಿಯಾದರೆ ಹೊಟ್ಟೆ ಒತ್ತಿ ಉಂಡದ್ದು ಮೇಲಕ್ಕೆ ಬರುತ್ತದೆ. ‘ಚಿಕ್ಕದು, ಮಧ್ಯಮ, ದೊಡ್ಡದು’ ಎಂಬ ಮೂರೇ ಸೈಜಿನಲ್ಲಿ ಬರುವ ಸಿದ್ಧ ಕುರ್ಚಿಗಳು ಎಡವುವುದು ಇಲ್ಲೇ. ಹಿಂದಿನ ಗೋಡೆಗೆ ದಪ್ಪ ಫೋಮ್ ಕಟ್ಟಿ ಆಳವನ್ನು ಸರಿಪಡಿಸಬಹುದು, ಹಲಗೆ ಮೇಲೆ ಕೆಳಗೆ ಸರಿಯದಿದ್ದರೆ ಮಾತ್ರ ಆ ಕುರ್ಚಿ ಬೇಡ.

ಮಯಸ್ತೇನಿಯಾ ನಾಯಿಗೆಂದೇ ಇನ್ನೂ ಎರಡು ಸಂಗತಿ ನೋಡಿಕೊಳ್ಳಬೇಕು. ಬಾಗಿಲು ಪೂರ್ತಿ ತೆರೆದು ನಾಯಿ ಹಿಮ್ಮುಖವಾಗಿ ಒಳಗೆ ಹೋಗುವಂತಿರಲಿ. ಮೇಲಿನಿಂದ ಎತ್ತಿ ಇಳಿಸುವ ಮಾದರಿ ದೊಡ್ಡ ನಾಯಿಗೂ ಆಗದು, ಎತ್ತುವವರ ಸೊಂಟಕ್ಕೂ ಆಗದು. ಎರಡನೆಯದು ತೊಳೆಯುವ ಅನುಕೂಲ. ಈ ಕಾಯಿಲೆಯ ಔಷಧಿಯಿಂದ ಜೊಲ್ಲು, ಮೂತ್ರ, ಭೇದಿ ಹೆಚ್ಚಾಗುವುದುಂಟು. ಬಣ್ಣ ಬಳಿಯದ ಪ್ಲೈವುಡ್ ಅದನ್ನೆಲ್ಲ ಹೀರಿಕೊಂಡು ನಾರುತ್ತದೆ, ಪ್ಲಾಸ್ಟಿಕ್ ಹಲಗೆಯಾದರೆ ಒರೆಸಿದರೆ ಮುಗಿಯಿತು. ಪುಟ್ಟ ನಾಯಿಗೆ ಕುರ್ಚಿಯೇ ಬೇಕೆಂದಿಲ್ಲ, ಮಗುವನ್ನು ತೇಗಿಸುವ ಹಾಗೆ ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡರೂ ನಡೆಯುತ್ತದೆ.

ಈ ಕಾಯಿಲೆಗೆ ಕೊಡುವ ಔಷಧಿ ಪಿರಿಡೊಸ್ಟಿಗ್ಮಿನ್. ಅದರ ಡೋಸ್ ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ 0.5ರಿಂದ 3 ಮಿ.ಗ್ರಾಂ., 8ರಿಂದ 12 ಗಂಟೆಗೊಮ್ಮೆ. ಕೆಳಗಿನ ಡೋಸಿನಿಂದ ಶುರುಮಾಡಿ ವೈದ್ಯರು ನಿಧಾನವಾಗಿ ಏರಿಸುತ್ತಾರೆ. ಮಾತ್ರೆ ಜೋಲುಬಿದ್ದ ಅನ್ನನಾಳದಲ್ಲೇ ಸಿಕ್ಕಿಕೊಳ್ಳುವ ಭಯವಿರುವುದರಿಂದ ಸಿರಪ್ ಮೇಲು, ಅದನ್ನೂ ನೀರು ಬೆರೆಸಿ ತೆಳು ಮಾಡಿ ನಾಯಿ ನೆಟ್ಟಗಿದ್ದಾಗಲೇ ಕೊಡಬೇಕು. ಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಊಟಕ್ಕೆ ಕೂರಿಸಿ. ಆಗ ನುಂಗುವ ಬಲವೂ ಇರುತ್ತದೆ, ತಲೆ ಎತ್ತಿ ಹಿಡಿಯುವ ಕಸುವೂ ಇರುತ್ತದೆ. ಜೊಲ್ಲು ಸುರಿದು, ಸ್ನಾಯು ಅದುರಿ, ನಿಶ್ಶಕ್ತಿ ಹೆಚ್ಚಾಯಿತೆಂದರೆ ಡೋಸ್ ಜಾಸ್ತಿಯಾಗಿರಬಹುದು. ಕಾಯಿಲೆ ಉಲ್ಬಣಿಸಿತೆಂದು ತಿಳಿದು ಇನ್ನಷ್ಟು ಕೊಟ್ಟರೆ ಜೀವಕ್ಕೇ ಕುತ್ತು.

ದಿನದ ಅನ್ನವನ್ನು ಮೂರು ನಾಲ್ಕು ಸಣ್ಣ ಊಟವಾಗಿ ಹಂಚಿ. ಉಂಡ ಮೇಲೆ 15ರಿಂದ 30 ನಿಮಿಷ ಕುರ್ಚಿಯಲ್ಲೇ ಕೂರಬೇಕು. ಅನ್ನ ಗಂಜಿಯ ಹದವೋ ಉಂಡೆಯ ಹದವೋ ಎಂಬುದು ಒಂದೊಂದು ನಾಯಿಗೆ ಒಂದೊಂದು ಬಗೆ. ಒಂದು ಹದವನ್ನು ಕೆಲವು ದಿನ ನೋಡಿ, ಎಷ್ಟು ಸಲ ಕಕ್ಕಿತೆಂದು ಬರೆದಿಟ್ಟುಕೊಂಡು ಆಮೇಲೆ ಬದಲಿಸಿ. ಎಲ್ಲಕ್ಕಿಂತ ಕಾಡುವುದು ನೀರು. ಲೀಟರ್ ನೀರಿಗೆ ಸುಮಾರು 30 ಗ್ರಾಂ ಸಪ್ಪೆ ಜೆಲಾಟಿನ್ ಕರಗಿಸಿ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ತುಂಡು ಮಾಡಿ ಕೊಟ್ಟರೆ ಅನೇಕ ನಾಯಿಗಳು ಇಳಿಸಿಕೊಳ್ಳುತ್ತವೆ.

ಕುರ್ಚಿಯಿಂದ ಆಗದ ಕೆಲಸಗಳೂ ಇವೆ. ಮಲಗಿದ್ದಾಗ ಜೊಲ್ಲು ಹಿಂದಕ್ಕೆ ಹರಿದು ಶ್ವಾಸಕೋಶ ಸೇರುವುದನ್ನು ಅದು ತಡೆಯಲಾರದು. ಅದಕ್ಕೆ ತಲೆ ಎತ್ತರದಲ್ಲಿ ನಿಲ್ಲುವಂಥ ಕುತ್ತಿಗೆ ದಿಂಬು ಬೇಕು. ಕೆಮ್ಮು, ಜ್ವರ, ಊಟ ಬೇಡವೆನ್ನುವುದು, ನಿದ್ದೆಯಲ್ಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಕಂಡರೆ ನ್ಯುಮೋನಿಯಾ ಇರಬಹುದು. ಈ ನಾಯಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಅದೇ, ನಾಳೆ ನೋಡೋಣ ಎನ್ನುವ ಹಾಗಿಲ್ಲ. ಆಗ ಆಂಟಿಬಯೋಟಿಕ್ ಬರೆಯುವವರಿಗೆ ಮಯಸ್ತೇನಿಯಾ ಇದೆ ಎಂದು ತಪ್ಪದೆ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್, ಎನ್ರೋಫ್ಲಾಕ್ಸಸಿನ್‌ನಂಥವು ನಿಶ್ಶಕ್ತಿ ಹೆಚ್ಚಿಸಬಲ್ಲವು. ಕುರ್ಚಿ, ಔಷಧಿ ಎರಡೂ ಸರಿಯಿದ್ದೂ ತೂಕ ಇಳಿಯುತ್ತಲೇ ಇದ್ದರೆ ಹೊಟ್ಟೆಗೆ ನೇರವಾಗಿ ಹಾಕುವ ಟ್ಯೂಬಿನ ಮಾತು ಎತ್ತಬೇಕು.

ಕುರ್ಚಿ ಜೀವನಪೂರ್ತಿ ಬೇಕಾಗದೆಯೂ ಇರಬಹುದು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 53 ನಾಯಿಗಳ ಪೈಕಿ 47ರಲ್ಲಿ, ಸರಾಸರಿ ಆರು ತಿಂಗಳ ಸುಮಾರಿಗೆ, ಕಾಯಿಲೆ ತಾನಾಗಿ ಇಳಿದಿತ್ತು. ಆಮೇಲಿನ ಅಧ್ಯಯನಗಳಲ್ಲಿ ಆ ಪ್ರಮಾಣ ಅಷ್ಟಿಲ್ಲ. ಕಕ್ಕುವುದು ನಿಂತಿತೆಂದು ಅವಸರದಲ್ಲಿ ನೆಲದ ಮೇಲೆ ಬೋಗುಣಿ ಇಡಬೇಡಿ. ಕೆಲವು ವಾರಗಳಿಗೊಮ್ಮೆ ಪ್ರತಿಕಾಯದ ಮಟ್ಟ ನೋಡಿಸಿ, ಅದು 0.6ಕ್ಕಿಂತ ಕೆಳಗಿಳಿದು ಎಕ್ಸ್-ರೇಯಲ್ಲಿ ಅನ್ನನಾಳವೂ ಮೊದಲಿನಂತಾದ ಮೇಲೆ ವೈದ್ಯರನ್ನು ಕೇಳಿ ಒಂದೊಂದೇ ಊಟವನ್ನು ನೆಲಕ್ಕಿಳಿಸಿ. ರಾತ್ರಿಯ ಊಟ ಕೊನೆಗೆ, ಏಕೆಂದರೆ ಉಂಡ ಮೇಲೆ ನಾಯಿ ಹೋಗಿ ಮಲಗುವುದು ಆಗಲೇ.