ಮಂತ್ರದ ಅರ್ಥ ನಗಸ್ಕೋತ ಹೇಳೋ ಡೊಂಬಿವಲಿ ಆಚಾರ್ರು, ನಮ್ಮ ತಂಗಿ ಮದುವಿ ಅನುಭವ

ನಮ್ಮ ತಂಗಿ ಮದುವಿ ಮುಂಬೈ ಹತ್ರದ ಡೊಂಬಿವಲಿಯೊಳಗ ಆತ್ರಿ. ನಾವು ಧಾರವಾಡ ಕಡೆಯವರು, ಬೀಗರು ಪುಣೆದ ಮರಾಠಿ ಮಂದಿ, ಹಿಂಗಾಗಿ ಎರಡೂ ಭಾಷಾ ಬರೋ ಆಚಾರ್ರು ಬೇಕಾಗಿದ್ರು, ಮಾಟುಂಗಾದ ಹೂವಿನ ಅಂಗಡಿಯವ್ರೊಬ್ರು ಇವರ ನಂಬರ್ ಕೊಟ್ರು. ಫೋನಿನ್ಯಾಗ ‘ನಡುನಡುವ ಸ್ವಲ್ಪ ನಗಸ್ತೀನ್ರಿ, ನಡೀತದಲ್ಲ?’ ಅಂದಾಗ ನನಗ ಹೆದರಿಕಿ ಆತು. ಹಿಂದ ಒಂದು ಮದುವ್ಯಾಗ ಬ್ಯಾರೆ ಯಾರೋ ಮೈಕ್ ಹಿಡಕೊಂಡು ‘ಇವತ್ತಿಗೆ ಹುಡುಗನ ಸ್ವಾತಂತ್ರ್ಯ ಮುಗೀತು’ ಅಂತ ಅದನ್ನ ತಿರುಗಿ ತಿರುಗಿ ಹೇಳಿದ್ರು, ಪಾಪ ಮದುಮಗಳು ತಲಿ ತಗ್ಗಿಸಿ ಕೂತಿದ್ಲು, ಭಾಳ ಸಿಟ್ಟು ಬಂದಿತ್ತು ನನಗ.

ಇವರದು ಹಂಗಲ್ಲ. ಮಂತ್ರ ಹೇಳುವಾಗ ಮಂತ್ರ ಅಷ್ಟ, ಮುಗದ ಮ್ಯಾಲೆ ಅದರ ಅರ್ಥದೊಳಗಿಂದನ ಒಂದು ನಗಿ ಮಾತು.

ಕಾಶಿಯಾತ್ರಿಗೆ ಅಳಿಯಂದಿರು ಛತ್ರಿ ಹಿಡಕೊಂಡು ಹೊಂಟ್ರು, ಬೀಗರಿಗೆ ಇದೇನಂತ ಗೊತ್ತಿಲ್ಲ, ಆಚಾರ್ರು ಮರಾಠಿಯೊಳಗ ತಿಳಿಸಿ ಹೇಳಿ ‘ಕಾಶಿಗೆ ಹೋಗೋ ಮಹಾನಗರಿ ಎಕ್ಸ್‌ಪ್ರೆಸ್ ವೇಟಿಂಗ್ ಲಿಸ್ಟ್ ಅದ, ವಾಪಸ್ ಬರ್ರಿ’ ಅಂದ್ರು, ಪುಣೆ ಅಜ್ಜಿಯರೆಲ್ಲ ಬಿದ್ದು ಬಿದ್ದು ನಕ್ರು. ‘ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಾಮಿ’ ಅಂದ್ರ ಈ ಮೂರರೊಳಗೂ ನಿನ್ನ ಮೀರಿ ನಡೆಯೂದಿಲ್ಲ ಅಂತ, ‘ಅರ್ಥ ಅಂದ್ರ ರೊಕ್ಕ, ಹೆಂಡತಿಗೆ ಹೇಳದ ಕ್ರೆಡಿಟ್ ಕಾರ್ಡ್ ಉಜ್ಜೂದೂ ಇದರೊಳಗ ಬರ್ತದ ನೋಡ್ರಿ’ ಅಂದ್ರು. ನಮ್ಮ ಕಾಕಾ ಸುಮ್ನ ಕಾಕುನ ಮುಖ ನೋಡಿದ್ರು.

ಲಾಜಾಹೋಮಕ್ಕ ತಂಗಿ ಬೊಗಸಿಗೆ ಅರಳು ಹಾಕಾಂವ ನಾನ, ತುಪ್ಪ ಸವರಿದ ಕೈಗೆ ಅರಳು ಅಂಟಿಕೊಂಡು ಬೆಂಕಿಗೆ ಬೀಳವಲ್ಲವು, ಆಕಿ ಬೆರಳು ನಡುಗತಿದ್ವು. ಆಚಾರ್ರು ಅವಸರ ಮಾಡಲಿಲ್ಲ, ‘ಅಣ್ಣನ ಕೈ ಬಿಟ್ಟು ಹೋಗಾಕ ಅರಳಿಗೂ ಮನಸಿಲ್ಲವಾ’ ಅಂದ್ರು. ಅಳು ಬಂದಿದ್ದಾಕಿ ನಕ್ಕಳು.

ಸಪ್ತಪದಿ ಅಂತೂ ಮರಿಯಾಂಗಿಲ್ಲ. ಮೊದಲನೇ ಹೆಜ್ಜಿ ಅನ್ನಕ್ಕ, ‘ಅಡಗಿ ಯಾರು ಮಾಡಬೇಕಂತ ಮಂತ್ರದಾಗ ಎಲ್ಲೂ ಇಲ್ಲ, ಇಬ್ಬರೂ ಕಲೀರಿ.’ ಎರಡನೇದು ಬಲಕ್ಕ, ಮೂರನೇದು ಸಂಪತ್ತಿಗೆ, ಹಿಂಗ ಆರು ಮುಗಿಸಿ ನಿಲ್ಲಿಸಿಬಿಟ್ರು. ‘1955ರ ಹಿಂದೂ ವಿವಾಹ ಕಾಯ್ದೆ, 7ನೇ ಕಲಂ, ಸಪ್ತಪದಿ ಇದ್ದಲ್ಲಿ ಏಳನೇ ಹೆಜ್ಜಿ ಇಟ್ಟಾಗನ ಮದುವಿ ಪೂರ್ಣ, ಓಡೂದಿದ್ರ ಈಗ ಓಡ್ರಿ!’ ತಂಗಿ ಸೆರಗಿನ ಗಂಟು ಎಳದು ಅಂವಗಿಂತ ಮೊದಲ ಕಾಲು ಮುಂದಿಟ್ಟಳು, ಹಾಲ್ ತುಂಬ ಚಪ್ಪಾಳಿ. ಆಮ್ಯಾಲೆ ಆಚಾರ್ರು ಮೈಕ್ ಬಾಜೂಕಿಟ್ಟು ‘ಸಖಾ ಸಪ್ತಪದೀ ಭವ, ಗೆಳೆಯರಾಗಿರ್ರಿ’ ಅಂತ ಅವರಿಬ್ಬರಿಗಷ್ಟ ಕೇಳೂಹಂಗ ಹೇಳಿದ್ರು. ಅಲ್ಲಿ ಜೋಕ್ ಇಲ್ಲ. ನಾನು ಬಾಜೂಕ ನಿಂತಿದ್ದೆ, ಅದಕ್ಕ ಕೇಳ್ತು.

ಒಂದು ತಕರಾರು ಅದ, ಸಾಮಾನಿನ ಪಟ್ಟಿ ಹಿಂದಿನ ರಾತ್ರಿ ಹನ್ನೊಂದಕ್ಕ ಕಳಿಸಿದ್ರು, ಅರಳು ಸಿಗಲಾರದ ಮುಂಜಾನೆ ಆರಕ್ಕ ಎದ್ದು ಅಂಗಡಿ ಬಾಗಲಾ ಕಾಯಬೇಕಾತು. ನೀವು ಬುಕ್ ಮಾಡಿದ್ರ ಎಂಟು ದಿನ ಮೊದಲ ಪಟ್ಟಿ ಕೇಳಿ ಇಸ್ಕೊಳ್ರಿ, ಮತ್ತ ಇಲ್ಲಿ ಅಂಗಡ್ಯಾಗ ಅರಳು ಅಂದ್ರ ತಿಳಿಯೂದಿಲ್ಲ, ಲಾಹ್ಯಾ ಅನ್ರಿ.